ಮುಟ್ಟದೆ ಕಾಯುವುದು, ಮುಟ್ಟಿ ಕಾಯುವುದು

ಬಸರಾಳಿನ ಹೆಸರು ಕಲಾರಸಿಕರಿಗೆ ಹೊಸದಲ್ಲ. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1234ರಲ್ಲಿ, ಹರಿಹರ ದಂಡನಾಯಕನು ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯ ಆ ಊರಿಗೆ ಇತಿಹಾಸದಲ್ಲಿ ಸ್ಥಾನವನ್ನು ದೊರಕಿಸಿಕೊಟ್ಟಿದೆ. ಮಂಡ್ಯದಿಂದ ಅಲ್ಲಿಗೆ ಹೋದವರು ಭಿತ್ತಿಯ ಶಿಲ್ಪಗಳನ್ನು ಕಣ್ತುಂಬ ನೋಡಿ ಹಿಂದಿರುಗುತ್ತಾರೆ. ಅದು ಉಚಿತವೇ. ಆದರೆ ಆ ಸೀಮೆಯಲ್ಲಿ ನಮ್ಮ ಆದರಕ್ಕೆ ಪಾತ್ರವಾಗಬೇಕಾದ ಇನ್ನೊಂದು ವಿದ್ಯೆಯೂ ಇದೆ. ಅದಕ್ಕೆ ಶಾಸನವಿಲ್ಲ, ಶಿಲ್ಪಿಯ ಹೆಸರಿಲ್ಲ. ಹಳೆಯ ಟಿಲ್ಲರನ್ನು ಬಿಚ್ಚಿ, ಸರಿಪಡಿಸಿ, ತಮ್ಮ ಹೊಲಕ್ಕೂ ಮೈಕಟ್ಟಿಗೂ ಒಗ್ಗುವಂತೆ ತಿದ್ದಿಕೊಂಡು ದಿನನಿತ್ಯ ದುಡಿಸುವ ವಿದ್ಯೆ ಅದು.

ಟಿಲ್ಲರನ್ನು ಕಾಣದ ಪಟ್ಟಣದ ವಾಚಕರಿಗಾಗಿ ಎರಡು ಮಾತು. ಎರಡು ಗಾಲಿ, ಒಂದು ಡೀಸೆಲ್ ಇಂಜಿನ್, ಉದ್ದನೆಯ ಎರಡು ಹಿಡಿ, ಹಿಂದುಗಡೆ ಮಣ್ಣನ್ನು ಕೊಚ್ಚುವ ಬಾಗಿದ ಅಲಗುಗಳು: ಇಷ್ಟೇ ಅದರ ರೂಪ. ಜಪಾನಿನ ಪುಟ್ಟ ಗದ್ದೆಗಳಲ್ಲಿ ಎರಡನೆಯ ಮಹಾಯುದ್ಧದ ತರುವಾಯ ಹಬ್ಬಿದ ಈ ಯಂತ್ರ, 1967ರಲ್ಲಿ ಮಿತ್ಸುಬಿಷಿಯ ಸಹಯೋಗದೊಡನೆ ಬೆಂಗಳೂರಿನಲ್ಲಿ ಸ್ಥಾಪಿತವಾದ ವಿ.ಎಸ್.ಟಿ. ಸಂಸ್ಥೆಯ ಮೂಲಕ ನಮ್ಮ ನಾಡಿನದೂ ಆಯಿತು. ದೊಡ್ಡ ಟ್ರಾಕ್ಟರು ತಿರುಗಲಾರದ ಗದ್ದೆಯ ಮೂಲೆಯಲ್ಲಿ, ತೆಂಗಿನ ಸಾಲುಗಳ ನಡುವೆ ಇದು ಸಲೀಸಾಗಿ ಸುಳಿಯುತ್ತದೆ. ಎಕರೆ, ಎರಡೆಕರೆಯ ಒಡೆಯನಿಗೆ ಇದೇ ಜೋಡೆತ್ತು.

ಇಂಥ ಯಂತ್ರಕ್ಕೆ ವಯಸ್ಸಾದಾಗ ಏನು ಮಾಡಬೇಕು? ಗುಜರಿಗೆ ಹಾಕಿ ಹೊಸದನ್ನು ಕೊಳ್ಳಬೇಕೆಂಬುದು ಒಂದು ಪಕ್ಷ. ಹಳೆಯ ಯಂತ್ರಗಳಲ್ಲಿ ಆಸಕ್ತರಾದವರು ಈಚೆಗೆ ಮತ್ತೊಂದು ಪಕ್ಷವನ್ನು ಎತ್ತಿದ್ದಾರೆ: ಮೂಲದ ಬಣ್ಣವನ್ನೇ ಬಳಿದು, ಮೂಲದ ಮೊಳೆಯನ್ನೇ ಹುಡುಕಿ ಹಾಕಿ, ನೋಟಕ್ಕೆ ಇರಿಸಬೇಕೆಂದು. ಮೊದಲನೆಯದು ಸಾಲದ ದಾರಿ. ಎರಡನೆಯದು ಬಿಡುವುಳ್ಳವರ ದಾರಿ. ರೈತನು ಹಿಡಿದಿರುವ ಮೂರನೆಯ ದಾರಿಯೇ ಸರಿಯಾದುದೆಂದು ನನ್ನ ಅಭಿಮತ.

ಏಕೆಂದರೆ ಅದು ನಮಗೆ ಹೊಸ ದಾರಿಯಲ್ಲ. ನೇಗಿಲನ್ನು ಯಾರೂ ಸಿದ್ಧವಸ್ತುವೆಂದು ಬಗೆದಿರಲಿಲ್ಲ. ಉಳುವವನ ಎತ್ತರಕ್ಕೆ ಮೇಣಿ, ಎತ್ತುಗಳ ಅಳತೆಗೆ ನೊಗ, ನೆಲದ ಗುಣಕ್ಕೆ ಗುಳ. ಆಯಗಾರರಾದ ಬಡಗಿಯೂ ಕಮ್ಮಾರನೂ ವರ್ಷವಿಡೀ ಅದನ್ನು ತಿದ್ದಿ ಕೊಡುತ್ತಿದ್ದರು. ಸುಗ್ಗಿಯಲ್ಲಿ ಕಣದಿಂದ ಅವರ ಪಾಲಿನ ಧಾನ್ಯ ಹೋಗುತ್ತಿತ್ತು. ತನ್ನ ಉಪಕರಣದ ರೂಪದ ವಿಷಯದಲ್ಲಿ ರೈತನಿಗೆ ಒಂದು ಮಾತು ಇತ್ತು. ಕಾರ್ಖಾನೆಯ ಯಂತ್ರ ಬಂದಾಗ ಆ ಮಾತು ನಿಂತುಹೋಯಿತು. ಅವನು ಬರಿಯ ಗಿರಾಕಿಯಾದನು. ಟಿಲ್ಲರಿನ ಹಿಡಿಯನ್ನು ಕತ್ತರಿಸಿ ತನ್ನ ಎದೆಮಟ್ಟಕ್ಕೆ ಬೆಸೆಸಿಕೊಳ್ಳುವವನು ಕಳೆದುಹೋದ ಆ ಮಾತನ್ನು ಮರಳಿ ಪಡೆಯುತ್ತಿದ್ದಾನೆ.

ಈ ಕೆಲಸವನ್ನು ನಾನು ಬಹಳ ಹೊತ್ತು ನೋಡುತ್ತ ನಿಂತದ್ದುಂಟು. ಇದರಲ್ಲಿ ಕೈಚಳಕಕ್ಕಿಂತ ವಿವೇಚನೆ ಹೆಚ್ಚು. ವರ್ಷಗಟ್ಟಲೆ ಮೂಲೆಹಿಡಿದ ಯಂತ್ರವನ್ನು ಬಲ್ಲವನು ಕೂಡಲೆ ತಿರುಗಿಸುವುದಿಲ್ಲ. ಟ್ಯಾಂಕಿನ ತುಕ್ಕನ್ನೂ ತಳದಲ್ಲಿ ನಿಂತ ನೀರನ್ನೂ ಮೊದಲು ತೆಗೆಯುತ್ತಾನೆ; ತುಕ್ಕಿನ ಒಂದು ಕಣ ನಾಜಲನ್ನು ಕೆಡಿಸಬಲ್ಲುದು. ಎಣ್ಣೆ ಬದಲಿಸಿ, ಕೈಯಿಂದ ಮೆಲ್ಲನೆ ತಿರುಗಿಸಿ, ಪಿಸ್ಟನ್ನು ಕಚ್ಚಿಕೊಂಡಿದೆಯೋ ಇಲ್ಲವೋ ಎಂದು ಕಿವಿಗೊಟ್ಟು ಅರಿಯುತ್ತಾನೆ. ಬೆಲ್ಟುಗಳಲ್ಲಿ ಒಂದು ಸವೆದಿದ್ದರೂ ಎಲ್ಲವನ್ನೂ ಒಟ್ಟಿಗೆ ಬದಲಿಸುತ್ತಾನೆ; ಇಲ್ಲವಾದರೆ ಹೊಸದರ ಮೇಲೆಯೇ ಭಾರವೆಲ್ಲ ಬೀಳುತ್ತದೆ. ಹ್ಯಾಂಡಲು ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಡುತ್ತಾನೆ. ಇಂಜಿನ್ ಹಿಮ್ಮೊಗವಾಗಿ ಒದ್ದರೆ ಬೆರಳು ಮುರಿಯಬಾರದು. ಅನಂತರ ತಿದ್ದುಪಡಿ: ಕೆಸರುಗದ್ದೆಗೆ ಕಬ್ಬಿಣದ ಪಟ್ಟಿಗಳ ಗಾಲಿ, ನೀರೆತ್ತಲು ಪಂಪಿಗೆ ಜೋಡಣೆ, ಮೇವು ಗೊಬ್ಬರ ಹೇರಲು ಟ್ರೈಲರು, ದಣಿದ ಕಾಲಿಗೆ ಒಂದು ಆಸನ.

ಹಾಗಾದರೆ ತಿದ್ದುವುದಕ್ಕೆ ಮೇರೆಯಿಲ್ಲವೆ? ಇದೆ. ದೇವಾಲಯದ ಕಲ್ಲನ್ನು ನಾವು ಮುಟ್ಟದೆ ಕಾಯಬೇಕು. ಅದರ ಕೆಲಸ ಹೇಗಿತ್ತೋ ಹಾಗೆ ಇರುವುದು. ಉಪಕರಣವನ್ನು ಮುಟ್ಟಿಯೇ ಕಾಯಬೇಕು. ದುಡಿಯದಿದ್ದರೆ ಅದು ಉಳಿದೂ ಇಲ್ಲದಂತೆ. ಆದರೆ ಉಪಕರಣದಲ್ಲಿಯೂ ಕೈಯಿಡಬಾರದ ಭಾಗಗಳಿವೆ. ಬೆಲ್ಟಿನ ಮರೆಯನ್ನು ಅಡಚಣೆಯೆಂದು ಕಿತ್ತೆಸೆದರೆ ಪಂಚೆಯ ಅಂಚು ಸಿಕ್ಕಿ ಪ್ರಾಣಕ್ಕೆ ಬರುತ್ತದೆ. ಸಮನೆಲದಲ್ಲಿ ಎಡಗೈಯ ಕ್ಲಚ್ಚು ಅದುಮಿದರೆ ಯಂತ್ರ ಎಡಕ್ಕೆ ತಿರುಗುತ್ತದೆ. ಕಡಿದಾದ ಇಳಿಜಾರಿನಲ್ಲಿ, ಇಂಜಿನ್ನೇ ತಡೆಯಾಗಿರುವಾಗ, ಅದೇ ಕ್ಲಚ್ಚು ಅದನ್ನು ಬಲಕ್ಕೆ ಎಳೆಯಬಹುದು. ಇದನ್ನರಿಯದವನು ಬ್ರೇಕಿಲ್ಲದ ಟ್ರೈಲರಿಗೆ ಹೊರೆ ಹೇರಿ, ಹಿಂದೆ ಕೆಂಪು ಬೆಳಕೂ ಇಲ್ಲದೆ ಇರುಳಿನಲ್ಲಿ ರಸ್ತೆಗಿಳಿದರೆ ಅದು ಜಾಣತನವಲ್ಲ, ಜೂಜು. ತಿದ್ದುವ ಹಕ್ಕು ಬೇಡುವವನು ಈ ಹೊಣೆಯನ್ನೂ ಹೊರಬೇಕು.

ಹಕ್ಕು ಎಂದೆ. ಆ ಮಾತು ಹೊರನಾಡುಗಳಲ್ಲಿ ಶಾಸನವೇ ಆಗಿದೆ. ಕೃಷಿಯಂತ್ರಗಳ ಬಿಡಿಭಾಗ, ಸಾಧನ, ಕೈಪಿಡಿಗಳನ್ನು ತಯಾರಕರು ರೈತರಿಗೂ ಸ್ವತಂತ್ರ ದುರಸ್ತಿಗಾರರಿಗೂ ಒದಗಿಸಬೇಕೆಂದು ಅಮೆರಿಕದ ಕೊಲರಾಡೊ ರಾಜ್ಯ 2023ರಲ್ಲಿ ವಿಧಿಸಿತು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರ ಜುಲೈನಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯನ್ನು ರಚಿಸಿದಾಗ ಕೃಷಿ ಸಲಕರಣೆಗಳನ್ನು ಅದರ ಪರಿಶೀಲನೆಗೆ ಸೇರಿಸಿತು. ಸಂತೋಷ. ಆದರೆ ಕಾಗದದ ಮೇಲಿನ ಹಕ್ಕು ಬಸರಾಳಿನ ಹೊಲವನ್ನು ಮುಟ್ಟಬೇಕಾದರೆ ಎರಡು ಕೆಲಸ ಆಗಬೇಕು. ಯಂತ್ರದ ಮಾದರಿ ಹಳೆಯದಾದ ಮೇಲೆಯೂ ಬಹುಕಾಲ ಅದರ ಬಿಡಿಭಾಗಗಳು ದೊರೆಯುವಂತಿರಬೇಕು. ಬಿಚ್ಚಿ ಕಟ್ಟುವ ಕ್ರಮವನ್ನು ತಿಳಿಗನ್ನಡದಲ್ಲಿ, ಚಿತ್ರಸಮೇತ ಅಚ್ಚುಮಾಡಿ ಕೊಡಬೇಕು.

ಎರಡನೆಯ ಕೆಲಸಕ್ಕೆ ತಯಾರಕರನ್ನೇ ಕಾಯಬೇಕಾಗಿಲ್ಲ. ಆಯುಧಪೂಜೆಯ ದಿನ ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿಯುವ ನಾವು, ಅದನ್ನು ಉಳಿಸುವ ಮನುಷ್ಯನನ್ನು ಬರಿಯ ‘ಮೆಕ್ಯಾನಿಕ್ಕು’ ಎಂದು ಕರೆದು ಮುಂದೆ ಸಾಗುತ್ತೇವೆ. ಅವನು ಬಲ್ಲುದೆಲ್ಲ ಅವನ ಬೆರಳುಗಳಲ್ಲಿದೆ, ಅವನೊಡನೆಯೇ ಹೋಗುತ್ತದೆ. ಪಾಲಿಟೆಕ್ನಿಕ್ಕಿನ ಅಧ್ಯಾಪಕರು ವರ್ಷಕ್ಕೆ ಹತ್ತು ದಿನ ವಿದ್ಯಾರ್ಥಿಗಳನ್ನು ಅಂಥವನ ಚಪ್ಪರದ ಕೆಳಗೆ ಕಳುಹಿಸಲಿ. ಯಾವ ಭಾಗವನ್ನು ಏಕೆ ಬದಲಿಸಿದನು, ಯಾವುದನ್ನು ಮುಟ್ಟದೆ ಬಿಟ್ಟನು, ಅದಕ್ಕೆ ಯಾವ ಹೆಸರಿಟ್ಟು ಕರೆಯುತ್ತಾನೆ ಎಂಬುದನ್ನು ಅವನ ಮಾತಿನಲ್ಲಿಯೇ ಬರೆದುಕೊಂಡು ಬರಲಿ. ಯಂತ್ರಶಾಸ್ತ್ರಕ್ಕೆ ಕನ್ನಡದಲ್ಲಿ ಪದಗಳಿಲ್ಲವೆಂದು ಕೊರಗುವ ನಮ್ಮ ಪಂಡಿತರಿಗೂ ಆ ಪುಸ್ತಕಗಳಿಂದ ಲಾಭವಾಗದೆ ಇರದು.