ಗಾಳಿ ಮಾರುವವರೇ, ಪೆಟ್ರೋಲಿನ ಲೆಕ್ಕ ಕೊಡಿ

ಕಂಪೆನಿಯಿಂದ ಟರ್ಬೊ ಇಲ್ಲದೆ ಬಂದ ಪೆಟ್ರೋಲ್ ಕಾರಿಗೆ ಹೊರಗಿನಿಂದ ಟರ್ಬೊ ಕೂರಿಸಿ ಕೊಡುವ ವ್ಯಾಪಾರದ ಗಾಳಿ ನಮ್ಮ ಕಡೆಗೂ ಬೀಸಿದೆ. ಊರಿನಿಂದ ದೊಡ್ಡ ಪೇಟೆಗೆ ಕಾರು ಕೊಂಡುಹೋಗಿ, ಲಕ್ಷಗಟ್ಟಲೆ ಸುರಿದು ಬರುವ ಹುಡುಗರು ಬದಿಯಡ್ಕದಲ್ಲೂ ಉಂಟು, ಪೆರ್ಲದಲ್ಲೂ ಉಂಟು. ಕೆಲವರದ್ದು ಅಡಿಕೆ ಮಾರಿದ ದುಡ್ಡು, ಕೆಲವರದ್ದು ಗಲ್ಫಿನ ದುಡ್ಡು, ಕೆಲವರದ್ದು ಅಮ್ಮನ ಚಿನ್ನ ಅಡವಿಟ್ಟ ದುಡ್ಡು. ಸ್ವಲ್ಪ ದಿನ ಸೌಂಡು, ಸ್ವಲ್ಪ ದಿನ ಸ್ಪೀಡು. ಆಮೇಲೆ ಒಂದು ದಿನ ಗುಡ್ಡ ಹತ್ತುವಾಗ ಪಿಸ್ಟನ್ ತೂತು. ಕೇಳಿದರೆ ಗ್ಯಾರೇಜಿನವರು ಹೇಳುವುದು ಒಂದೇ ಮಾತು: "ನೀವು ಜಾಸ್ತಿ ಒತ್ತಿದ್ದೀರಿ."

ಒತ್ತಲಿಕ್ಕೆ ಅಲ್ಲದಿದ್ದರೆ ಟರ್ಬೊ ಎಂತಕ್ಕೆ ಮಾರಾಯ್ರೆ? ಆರತಿ ಎತ್ತಲಿಕ್ಕಾ?

ನನ್ನ ಜಗಳ ಟರ್ಬೊದ ಮೇಲೆ ಅಲ್ಲ. ಅದು ಒಳ್ಳೆಯ ಯಂತ್ರ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರ್ 1905ರಲ್ಲಿಯೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಸೈಲೆನ್ಸರಿನಲ್ಲಿ ದಂಡವಾಗಿ ಹೋಗುವ ಬಿಸಿ ಹೊಗೆಯಿಂದ ಒಂದು ಚಕ್ರ ತಿರುಗಿಸುವುದು, ಅದೇ ಅಚ್ಚಿನ ಇನ್ನೊಂದು ಚಕ್ರದಿಂದ ಎಂಜಿನಿನ ಒಳಗೆ ಗಾಳಿ ತುರುಕುವುದು. ಇಷ್ಟೇ ಅದರ ಗುಟ್ಟು. ನನ್ನ ಜಗಳ, ಗಾಳಿಯ ವಿಷಯ ಮಾತ್ರ ಹೇಳಿ ಪೆಟ್ರೋಲಿನ ವಿಷಯ ಮುಚ್ಚಿಡುವವರ ಮೇಲೆ. ಹಾಡುವವನಿಗೆ ಉಸಿರು ಮಾತ್ರ ಇದ್ದರೆ ಸಾಲದು, ಪದವೂ ಬೇಕು. ಎಂಜಿನಿಗೆ ಗಾಳಿ ಉಸಿರು, ಪೆಟ್ರೋಲ್ ಪದ.

ನಾನು ಏಳನೇ ತರಗತಿ ಓದಿದವ. ಈ ಲೆಕ್ಕಕ್ಕೆ ಅದಕ್ಕಿಂತ ಹೆಚ್ಚಿನ ಓದು ಬೇಡ, ಗುಣಾಕಾರ ಭಾಗಾಕಾರ ಬಂದರೆ ಸಾಕು.

ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಆದರೆ ಟರ್ಬೊ ಎಂಜಿನು ಪೂರ್ತಿ ದಮ್ಮಿನಲ್ಲಿ ಎಳೆಯುವಾಗ ಅಷ್ಟೇ ಪೆಟ್ರೋಲಿಗೆ ಗಾಳಿಯನ್ನು 12 ಕಿಲೋದ ಆಸುಪಾಸಿಗೆ ಇಳಿಸಿಡುತ್ತಾರೆ. ಅಂದರೆ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಕೊಡುತ್ತಾರೆ. ಆ ಹೆಚ್ಚಿನ ಪೆಟ್ರೋಲ್ ಇರುವುದು ಶಕ್ತಿಗಲ್ಲ, ಒಳಗಿನ ಕಾವು ತಗ್ಗಿಸಲಿಕ್ಕೆ.

ಈಗ 80 ಎಚ್‌ಪಿಯ ನಾಲ್ಕು ಸಿಲಿಂಡರಿನ ಒಂದು ಸಾದಾ ಕಾರು ಇಟ್ಟುಕೊಳ್ಳಿ. ಪೂರ್ತಿ ಒತ್ತಿದಾಗ ಒಂದು ಎಚ್‌ಪಿಗೆ ಗಂಟೆಗೆ ಅಂದಾಜು 230 ಗ್ರಾಂ ಪೆಟ್ರೋಲ್ ಬೇಕು. 80ಕ್ಕೆ 18 ಕಿಲೋ 400 ಗ್ರಾಂ, ಅಂದರೆ ಸುಮಾರು 25 ಲೀಟರ್. ಅದಕ್ಕೆ ಟರ್ಬೊ ಕೂರಿಸಿ 120 ಎಚ್‌ಪಿ ಮಾಡುತ್ತೇನೆ ಎನ್ನುತ್ತಾನೆ ಗ್ಯಾರೇಜಿನವ. ಟರ್ಬೊ ಇದ್ದಾಗ ಎಚ್‌ಪಿಗೆ 270 ಗ್ರಾಮಿನಷ್ಟು ಹಿಡಿಯಬೇಕು, ಕಾವು ತಗ್ಗಿಸುವ ಪಾಲೂ ಸೇರಿತಲ್ಲ. 120ಕ್ಕೆ 32 ಕಿಲೋ 400 ಗ್ರಾಂ, ಸುಮಾರು 44 ಲೀಟರ್. ಶಕ್ತಿ ಏರಿದ್ದು ಒಂದೂವರೆ ಪಟ್ಟು, ಪೆಟ್ರೋಲ್ ಏರಬೇಕಾದದ್ದು ಒಂದೂಮುಕ್ಕಾಲು ಪಟ್ಟು. ಈ ಲೆಕ್ಕವನ್ನು ಗಿರಾಕಿಗೆ ಎಷ್ಟು ಗ್ಯಾರೇಜಿನವರು ಹೇಳುತ್ತಾರೆ?

ಈ 44 ಲೀಟರ್ ಬರುವುದು ಯಾವ ದಾರಿಯಲ್ಲಿ? ತೋಟಕ್ಕೆ ಜೆಟ್ಟು ಹಾಕಿದವರಿಗೆಲ್ಲ ಈ ದಾರಿ ಗೊತ್ತು. ಒಂದು ಪಂಪು, ಒಂದು ಮೈನ್ ಪೈಪು, ತುದಿಯಲ್ಲಿ ಜೆಟ್ಟುಗಳು. ಕಾರಿನಲ್ಲಿಯೂ ಹಾಗೆಯೇ. ಟಾಂಕಿಯೊಳಗೆ ಫ್ಯೂಯೆಲ್ ಪಂಪು, ಆಮೇಲೆ ಪೈಪು, ಪ್ರತಿ ಸಿಲಿಂಡರಿಗೆ ಒಂದೊಂದು ಇಂಜೆಕ್ಟರ್. ಇಂಜೆಕ್ಟರ್ ಎಂದರೆ ಕರೆಂಟಿನಲ್ಲಿ ತೆರೆದು ಮುಚ್ಚುವ ಒಂದು ಸಣ್ಣ ಜೆಟ್ಟು. 10 ಜೆಟ್ಟಿನ ಪಂಪಿಗೆ 15 ಜೆಟ್ಟು ಸಿಕ್ಕಿಸಿದರೆ ಎಂತ ಆಗುತ್ತದೆ? ಮೊದಲಿನವು ಸೋಮಾರಿಯಾಗಿ ತಿರುಗುತ್ತವೆ, ತುದಿಯವು ತೊಟ್ಟಿಕ್ಕುತ್ತವೆ. ನೀರು ಸಿಗದ ಅಡಿಕೆ ಮರ ಒಣಗಲು ವಾರಗಟ್ಟಲೆ ಬೇಕು. ಪೆಟ್ರೋಲ್ ಸಿಗದ ಪಿಸ್ಟನ್ ಸುಡಲು ಕೆಲವು ಸೆಕೆಂಡು ಸಾಕು.

ಇಂಜೆಕ್ಟರಿನ ಮಿತಿ ಮೊದಲು ನೋಡುವ. 6000 ಆರ್‌ಪಿಎಂನಲ್ಲಿ ಎಂಜಿನು ಸೆಕೆಂಡಿಗೆ 100 ಸುತ್ತು ತಿರುಗುತ್ತದೆ. ಎರಡು ಸುತ್ತಿಗೊಮ್ಮೆ ಒಂದು ಸಿಲಿಂಡರಿಗೆ ಪೆಟ್ರೋಲ್ ಬೀಳಬೇಕು. ಅಂದರೆ ಇಂಜೆಕ್ಟರಿಗೆ ಸಿಗುವುದು ಸೆಕೆಂಡಿನ 50ರಲ್ಲಿ ಒಂದು ಪಾಲು. ಅದರಲ್ಲಿಯೂ ನೂರಕ್ಕೆ 80-85 ಪಾಲಿಗಿಂತ ಹೆಚ್ಚು ಹೊತ್ತು ತೆರೆದಿಟ್ಟರೆ ಅದರ ಮುಚ್ಚು-ತೆರೆ ಹದ ತಪ್ಪುತ್ತದೆ. ನಮ್ಮ 80 ಎಚ್‌ಪಿ ಕಾರಿಗೆ ಪ್ರತಿ ಇಂಜೆಕ್ಟರಿನಿಂದ ನಿಮಿಷಕ್ಕೆ ಸುಮಾರು 104 ಸಿಸಿ ಸಾಕಿತ್ತು. ನೂರಕ್ಕೆ 80 ತೆರೆಯುವ ಲೆಕ್ಕದಲ್ಲಿ ಕಂಪೆನಿ 130 ಸಿಸಿಯ ಇಂಜೆಕ್ಟರ್ ಇಟ್ಟಿದೆ ಎನ್ನುವ. ಟರ್ಬೊ ಆದ ಮೇಲೆ ಬೇಕಾದದ್ದು 183 ಸಿಸಿ. ಮುಚ್ಚದೆ ಸದಾ ತೆರೆದೇ ಇಟ್ಟರೂ ಅದರಿಂದ ಬೀಳುವುದು 130 ಮಾತ್ರ. ಟರ್ಬೊದ ಲೆಕ್ಕದಲ್ಲಿ ಅದು 85 ಎಚ್‌ಪಿಗೆ ಮಾತ್ರ ಸಾಲುತ್ತದೆ. ಲಕ್ಷಗಟ್ಟಲೆ ಕೊಟ್ಟು ಸುರಕ್ಷಿತವಾಗಿ ಸಿಕ್ಕಿದ್ದು ಐದು ಎಚ್‌ಪಿ! ಉಳಿದದ್ದೆಲ್ಲ ಪಿಸ್ಟನಿನ ಆಯುಷ್ಯದಿಂದ ತೆಗೆದ ಸಾಲ. ಕೆಲವು ಕಾರಿನಲ್ಲಿ ಇದಕ್ಕಿಂತ ದೊಡ್ಡ ಇಂಜೆಕ್ಟರ್ ಇದ್ದೀತು. ಇದ್ದರೆ ಒಳ್ಳೆಯದೇ, ಅಂಕಿ ತೋರಿಸಲಿ.

ಎರಡನೆಯದು ಒತ್ತಡ. ಹೊಸ ಕಾರುಗಳಲ್ಲಿ ಪೆಟ್ರೋಲಿನ ಒತ್ತಡ ಹೆಚ್ಚಾಗಿ 4 ಬಾರಿನ ಹತ್ತಿರ ಇರುತ್ತದೆ. ನಮ್ಮ ಪಂಪಿನ ಭಾಷೆಯಲ್ಲಿ 40 ಮೀಟರ್ ಹೆಡ್ಡು. ಇಂಜೆಕ್ಟರಿನ ಮೂತಿ ಇರುವುದು ಗಾಳಿ ಒಳಗೆ ಹೋಗುವ ಕೊಳವೆಯಲ್ಲಿ. ಟರ್ಬೊ ಅಲ್ಲಿ 0.7 ಬಾರ್ ಒತ್ತಡ ತುಂಬಿಸಿದರೆ ಅದು ಪೆಟ್ರೋಲಿಗೆ ಎದುರಾಗಿ ನಿಲ್ಲುತ್ತದೆ. 40 ಮೀಟರಿನ ಹೆಡ್ಡಿನಲ್ಲಿ ಉಳಿದದ್ದು 33. ಇದರಿಂದಲೇ ನೂರಕ್ಕೆ ಒಂಬತ್ತರಷ್ಟು ಪೆಟ್ರೋಲ್ ಕಡಿಮೆ ಬೀಳುತ್ತದೆ, ಅದೂ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲಿ. "ಒತ್ತಡ ಏರಿಸಿದರೆ ಆಯ್ತಲ್ಲ" ಎನ್ನುತ್ತಾರೆ. 4 ಬಾರನ್ನು 5 ಮಾಡಿದರೆ ಒತ್ತಡ ಕಾಲು ಪಾಲು ಏರಿತು, ಪೆಟ್ರೋಲ್ ಏರುವುದು ನೂರಕ್ಕೆ 12 ಮಾತ್ರ.

ಮೂರನೆಯದು ಪಂಪು. ಎತ್ತರಕ್ಕೆ ನೂಕಿದಷ್ಟೂ ಪಂಪು ಕೊಡುವ ನೀರು ಕಡಿಮೆ. ಇದನ್ನು ಕೃಷಿಕರಿಗೆ ಹೇಳಿಕೊಡಬೇಕಾಗಿಲ್ಲ. ಪೆಟ್ರೋಲ್ ಪಂಪಿಗೂ ಅದೇ ನಿಯಮ. ನಮ್ಮ ಹಿರಿಯರು ಮುರಕಲ್ಲಿನ ಗುಡ್ಡಕ್ಕೆ ಸುರಂಗ ಕೊರೆದು ನೀರು ತಂದವರು. ಸುರಂಗ ಬೆರಳು ಗಾತ್ರದ ನೀರು ಕೊಟ್ಟರೆ ಅಷ್ಟಕ್ಕೇ ತೋಟ ಮಾಡಿದರು. ಆ ನೀರಿಗೆ ಹತ್ತು ಎಚ್‌ಪಿ ಪಂಪು ಇಟ್ಟರೆ ನೀರು ಹೆಚ್ಚುತ್ತದಾ? ಕೆರೆ ಬತ್ತುತ್ತದೆ, ಪಂಪು ಸುಡುತ್ತದೆ. ಬರುವ ದಾರಿ ನೋಡದೆ ಖರ್ಚು ಏರಿಸಬಾರದು ಎಂಬ ಬುದ್ಧಿ ಈ ಮಣ್ಣಿನಲ್ಲಿಯೇ ಇತ್ತು.

ಇದರ ಮೇಲೆ ಎಥೆನಾಲ್. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್. ಒಂದು ಕಿಲೋ ಎಥೆನಾಲಿಗೆ ಸುಮಾರು 9 ಕಿಲೋ ಗಾಳಿ ಸಾಕು. ತಿರುಗಿಸಿ ಹೇಳಿದರೆ, ಅಷ್ಟೇ ಗಾಳಿಗೆ ಶುದ್ಧ ಪೆಟ್ರೋಲಿಗಿಂತ ನೂರಕ್ಕೆ ಏಳೆಂಟು ಪಾಲು ಹೆಚ್ಚು ಎಣ್ಣೆ ಬೀಳಬೇಕು. ಎಥೆನಾಲಿನಿಂದ ನಾಕಿಂಗ್ ಕಡಿಮೆ ಎಂಬುದು ಸತ್ಯ. ಆದರೆ ಹಳೆಯ ಕಾರಿನ ಇಂಜೆಕ್ಟರಿನಲ್ಲಿ ಉಳಿಕೆ ಎಂದು ಇದ್ದದ್ದನ್ನು ಅದು ಮೊದಲೇ ತಿಂದಿದೆ.

"ಎಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತದೆ" ಎಂಬುದು ಇನ್ನೊಂದು ಮಾತು. ಟರ್ಬೊ ಇಲ್ಲದ ಕಾರಿನ ಕಂಪ್ಯೂಟರಿಗೆ ಗಾಳಿಯ ಒತ್ತಡ ತಿಳಿಸುವ ಸೆನ್ಸರ್ ಹೆಚ್ಚಾಗಿ ಹೊರಗಿನ ಗಾಳಿಯ ಒತ್ತಡದವರೆಗೆ ಮಾತ್ರ ಅಳೆಯುತ್ತದೆ. ಒಂದು ಸೇರಿನ ಪಾತ್ರೆಯಲ್ಲಿ ಎರಡು ಸೇರು ಅಕ್ಕಿ ಸುರಿದರೆ ಅಳತೆ ಒಂದೇ ಸೇರು, ಉಳಿದದ್ದು ನೆಲಕ್ಕೆ. ಅಳೆಯಲು ಬಾರದ ಗಾಳಿಗೆ ಕಂಪ್ಯೂಟರ್ ಪೆಟ್ರೋಲ್ ಕೊಡುವುದು ಹೇಗೆ? ಅದು ತನ್ನ ಹಳೆಯ ಪಟ್ಟಿಯ ಪ್ರಕಾರವೇ ಕೊಡುತ್ತದೆ.

ಪೆಟ್ರೋಲ್ ಸಾಲದೆ ಗಾಳಿ ಹೆಚ್ಚಾದಾಗ ಒಳಗಿನ ಕಾವು ಏರುತ್ತದೆ. ಕಿಡಿ ಹತ್ತಿಸಿದ ಬೆಂಕಿ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಸಿಡಿಯುತ್ತದೆ. ಇದು ನಾಕಿಂಗ್. ಪಿಸ್ಟನ್ ಅಲ್ಯುಮಿನಿಯಮ್ಮಿನ ಮಿಶ್ರಲೋಹ. ಶುದ್ಧ ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಸಿಲಿಂಡರಿನ ಬೆಂಕಿ 2000 ಡಿಗ್ರಿ ದಾಟುತ್ತದೆ. ನಡುವೆ ಕಾಪಾಡುವುದು ಮಿಶ್ರಣದ ಹದ, ತೆಳುವಾದ ಒಂದು ಪದರ ಗಾಳಿ, ಎಣ್ಣೆ ಮತ್ತು ನೀರಿನ ತಂಪು. ನಾಕಿಂಗ್ ಆ ಪದರವನ್ನು ಒಡೆಯುತ್ತದೆ. ಆಮೇಲೆ ತೂತು ಬೀಳಲು ಎಷ್ಟು ಹೊತ್ತು!

"ಕಂಪೆನಿಯವರೇ ಟರ್ಬೊ ಕೊಡುವುದಿಲ್ಲವಾ?" ಎಂದು ಹುಡುಗರು ನನ್ನ ಬಾಯಿ ಮುಚ್ಚಿಸುವುದುಂಟು. ಕೊಡುತ್ತಾರೆ, ಹೇಗೆ ಕೊಡುತ್ತಾರೆ ನೋಡಿ. ಟಾಟಾದವರ ಟಿಯಾಗೊ ಕಾರಿನ 1.2 ಲೀಟರ್ ಪೆಟ್ರೋಲ್ ಎಂಜಿನಿನ ಶಕ್ತಿ ಸುಮಾರು 85 ಎಚ್‌ಪಿ. 2018ರಲ್ಲಿ ಕೊಯಮತ್ತೂರಿನ ಜಯೆಮ್ ಕಂಪೆನಿಯ ಜೊತೆ ಸೇರಿ ಅವರು ಟಿಯಾಗೊ ಜೆಟಿಪಿ ತಂದರು, 114 ಎಚ್‌ಪಿ. ಹಳೆ ಎಂಜಿನಿಗೆ ಪೇಟೆಯಿಂದ ಟರ್ಬೊ ತಂದು ಸಿಕ್ಕಿಸಿದ್ದಲ್ಲ ಅದು. ಟರ್ಬೊಗೆಂದೇ ಮಾಡಿದ ಎಂಜಿನನ್ನೇ ಇಟ್ಟರು. ಬಲೆನೊ ಆರ್‌ಎಸ್ ಎಂದು 2017ರಲ್ಲಿ ಬಂದ ಮಾರುತಿ ಕಾರಿನಲ್ಲಿ ಪೆಟ್ರೋಲನ್ನು ನೇರ ಸಿಲಿಂಡರಿನೊಳಗೇ ಚಿಮ್ಮಿಸುವ ಬೇರೆಯೇ ವ್ಯವಸ್ಥೆ ಇತ್ತು. ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪೆನಿ 1962ರಲ್ಲಿಯೇ ಜೆಟ್‌ಫೈರ್ ಎಂಬ ಟರ್ಬೊ ಕಾರು ಮಾಡಿತ್ತು. ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವಕ್ಕೆ ಬೇರೆ ಟಾಂಕಿಯೇ ಇತ್ತು, ಅದು ಖಾಲಿಯಾದರೆ ಟರ್ಬೊದ ಒತ್ತಡ ಇಳಿಸುವ ವ್ಯವಸ್ಥೆಯೂ ಇತ್ತು. ಅಷ್ಟೆಲ್ಲ ಇದ್ದರೂ ಆ ಕಾರು ಎರಡು ವರ್ಷಕ್ಕೆ ನಿಂತುಹೋಯಿತು. ಅಂಥ ಕಂಪೆನಿಗೇ ಕಷ್ಟವಾದದ್ದನ್ನು ಶೆಡ್ಡಿನಲ್ಲಿ ಎರಡು ದಿನದಲ್ಲಿ ಮಾಡಿ ಕೊಡುತ್ತೇನೆ ಎಂದರೆ ನಂಬುವುದು ಹೇಗೆ?

ಡೀಸೆಲಿನ ಕಥೆ ಉಲ್ಟಾ. 1951ರಲ್ಲಿ ಶುರುವಾಗಿ ಬೆಂಗಳೂರಿನಲ್ಲಿ ಬೆಳೆದ ಮೈಕೊ ಕಂಪೆನಿಯ ಹೆಸರು ನಮ್ಮ ಜೀಪು, ಲಾರಿ ಡ್ರೈವರುಗಳಿಗೆಲ್ಲ ಗೊತ್ತು. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಆ ಹಳೆ ಡೀಸೆಲ್ ಪಂಪುಗಳಲ್ಲಿ ಹೆಚ್ಚೆಂದರೆ ಎಷ್ಟು ಎಣ್ಣೆ ಹೋಗಬೇಕು ಎಂಬುದನ್ನು ಒಂದು ಸ್ಕ್ರೂವಿನಲ್ಲಿ ಕಟ್ಟಿ ಸೀಲು ಒತ್ತುತ್ತಿದ್ದರು. ಡೀಸೆಲಿಗೆ ಗಾಳಿ ಮಾತ್ರ ಹೆಚ್ಚಿಸಿದರೆ ಪಿಸ್ಟನ್ ಸುಡುವುದಿಲ್ಲ, ಶಕ್ತಿಯೂ ಹೆಚ್ಚುವುದಿಲ್ಲ. ಶಕ್ತಿ ಬೇಕೆಂದು ಸೀಲು ಒಡೆದು ಸ್ಕ್ರೂ ತಿರುಗಿಸುತ್ತಾರೆ. ಗಾಳಿಗಿಂತ ಎಣ್ಣೆ ಹೆಚ್ಚಾಗಿ ಕಪ್ಪು ಹೊಗೆ, ಮಿತಿಮೀರಿದ ಕಾವು. ಪೆಟ್ರೋಲಿನಲ್ಲಿ ಎಣ್ಣೆ ಕಡಿಮೆಯಾಗಿ ಸಾಯುವುದು, ಡೀಸೆಲಿನಲ್ಲಿ ಹೆಚ್ಚಾಗಿ ಸಾಯುವುದು. ಎರಡರಲ್ಲಿಯೂ ಅಳತೆ ಬಿಟ್ಟದ್ದೇ ರೋಗ.

ಕಾನೂನಿನ ಮಾತೂ ಹೇಳಬೇಕು. ನಮ್ಮ ಕೇರಳದಿಂದಲೇ ಹೋದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸಬಾರದು ಎಂದಿತು. ಅದೇ ವರ್ಷ ತಿದ್ದಿದ ಮೋಟಾರು ವಾಹನ ಕಾಯ್ದೆಯಲ್ಲಿ, ನಿಯಮ ಮೀರಿ ಬದಲಿಸಿದ ಮಾಲಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಎರಡೂ. ಗಮನಿಸಿ, ಇಲ್ಲಿ ಸಿಕ್ಕಿಬೀಳುವವ ಮಾಲಕ. ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದೂ ಇಂಥ ಬದಲಾವಣೆಯನ್ನೇ. ದುಡ್ಡು ಎಣಿಸಿಕೊಂಡ ಗ್ಯಾರೇಜಿನವ ಆಗ ಎಲ್ಲಿರುತ್ತಾನೆ?

ರಸ್ತೆ ಬಿಟ್ಟು ರೇಸಿನ ಟ್ರಾಕಿನಲ್ಲಿ ಓಡಿಸುವವರಿಗೂ ಪೆಟ್ರೋಲಿನ ಲೆಕ್ಕ ತಪ್ಪುವುದಿಲ್ಲ. ಅವರು ಗ್ಯಾರೇಜಿನವರ ಹತ್ತಿರ ಮೂರು ಅಂಕಿ ಬರಹದಲ್ಲಿ ಕೇಳಲಿ. ಇಂಜೆಕ್ಟರ್ ನಿಮಿಷಕ್ಕೆ ಎಷ್ಟು ಸಿಸಿ, ನೂರಕ್ಕೆ ಎಷ್ಟು ಪಾಲು ತೆರೆದಿರುತ್ತದೆ? ಟರ್ಬೊದ ಒತ್ತಡ ಸೇರಿದಾಗ ಪಂಪು ಗಂಟೆಗೆ ಎಷ್ಟು ಲೀಟರ್ ಕೊಡುತ್ತದೆ? ಪೂರ್ತಿ ಒತ್ತಿದಾಗ ಗಾಳಿ-ಪೆಟ್ರೋಲಿನ ಪ್ರಮಾಣ ಮೀಟರಿನಲ್ಲಿ ಎಷ್ಟು ಬಂತು? ಗೊತ್ತಿದ್ದು ಕೆಲಸ ಮಾಡುವವರಿಗೆ ಈ ಪ್ರಶ್ನೆ ಕೇಳಿ ಸಿಟ್ಟು ಬರುವುದಿಲ್ಲ, ಅವರೇ ಕಾಗದ ಮುಂದಿಡುತ್ತಾರೆ. "ಅದೆಲ್ಲ ನಮಗೆ ಬಿಡಿ" ಎನ್ನುವವನಿಗೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ.

ಶಾಲೆಯ ಮಾಸ್ತರುಗಳಲ್ಲಿ, ಟೀಚರುಗಳಲ್ಲಿ ನನ್ನದೊಂದು ಕೇಳಿಕೆ. ಎಂಟನೇ ತರಗತಿಯ ಗಣಿತದಲ್ಲಿ ತೊಟ್ಟಿಗೆ ಎರಡು ನಳ್ಳಿ ಬಿಡುವ ಲೆಕ್ಕ ಮಾಡಿಸುತ್ತೀರಲ್ಲ, ಅದರ ಜೊತೆಗೆ ಈ 80 ಎಚ್‌ಪಿ, 120 ಎಚ್‌ಪಿಯ ಲೆಕ್ಕವನ್ನೂ ಒಮ್ಮೆ ಮಾಡಿಸಿ. ಹಿಂದಿನ ಬೆಂಚಿನಲ್ಲಿ ಕುಳಿತು ಪುಸ್ತಕದ ಅಂಚಿನಲ್ಲಿ ಕಾರಿನ ಚಿತ್ರ ಬರೆಯುವ ಹುಡುಗನೇ ಅದನ್ನು ಎಲ್ಲರಿಗಿಂತ ಮೊದಲು ಬಿಡಿಸಿಯಾನು. ಹತ್ತು ವರ್ಷ ಕಳೆದು ಅವ ಗ್ಯಾರೇಜಿನಲ್ಲಿ ನಿಂತಾಗ, ಗಾಳಿ ಮಾರುವವರು ಅವನನ್ನು ಅಷ್ಟು ಸುಲಭದಲ್ಲಿ ಮೋಸ ಮಾಡಲಾರರು.