ಕಾಮನಬಿಲ್ಲಿನ ನಾಡಿನಲ್ಲಿ ಮೇಲು ಕೀಳು

ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪವನ್ನು ಕಾಮನಬಿಲ್ಲಿನ ನಾಡೆಂದು ಕೊಂಡಾಡುವುದು ವಾಡಿಕೆಯಾಗಿದೆ. ಆಫ್ರಿಕಾ, ಮಡಗಾಸ್ಕರ್, ಭಾರತ, ಚೀನಾ, ಯೂರೋಪುಗಳಿಂದ ಬಂದವರ ಸಂತತಿ ಅಲ್ಲಿ ಒಂದೇ ನೆಲದ ಮೇಲೆ ಬಾಳುತ್ತಿರುವುದು ಸತ್ಯ. ಆದರೆ ಕಾಮನಬಿಲ್ಲಿನಲ್ಲಿಯೂ ಬಣ್ಣಗಳು ಒಂದರ ಮೇಲೊಂದು ನಿಂತಿರುತ್ತವೆ. ಈ ಶ್ರೇಣಿಯನ್ನು ಕಾಣದೆ ವೈವಿಧ್ಯವನ್ನಷ್ಟೇ ಹೊಗಳುವುದು ಅನ್ಯಾಯಕ್ಕೆ ಆಭರಣ ತೊಡಿಸಿದಂತೆ.

ಈ ಮೇಲು ಕೀಳು ತಾನಾಗಿ ಹುಟ್ಟಿದುದಲ್ಲ. ಫ್ರೆಂಚರ ಕಾಲದಲ್ಲಿ ಅಲ್ಲಿಯ ತೋಟಗಳು ಗುಲಾಮರ ದುಡಿಮೆಯಿಂದ ಬೆಳೆದವು. 1810ರಲ್ಲಿ ದ್ವೀಪವನ್ನು ಗೆದ್ದ ಬ್ರಿಟಿಷರು ಫ್ರೆಂಚ್ ಒಡೆಯರ ಆಸ್ತಿಯನ್ನು ಮುಟ್ಟಲಿಲ್ಲ. 1835ರಲ್ಲಿ ಗುಲಾಮಗಿರಿ ರದ್ದಾದಾಗ ಪರಿಹಾರ ಸಂದದ್ದು ಯಾರಿಗೆ? ನೊಂದವರಿಗಲ್ಲ, ಒಡೆಯರಿಗೆ, ಅದೂ 20 ಲಕ್ಷ ಪೌಂಡಿಗೂ ಮಿಗಿಲಾದ ಮೊತ್ತ. ಬಿಡುಗಡೆಯಾದ 60,000ಕ್ಕೂ ಹೆಚ್ಚು ಜನರಿಗೆ ಪರಿಹಾರವಾಗಿ ಗೇಣು ನೆಲವೂ ದೊರೆಯಲಿಲ್ಲ. ಅವರ ಸ್ಥಾನಕ್ಕೆ 1834ರಿಂದಲೇ ಭಾರತದ ಕರಾರು ಕೂಲಿಗಳನ್ನು ತರಲಾಗಿತ್ತು. ಹೀಗೆ ಬಂದವರು 4 ಲಕ್ಷಕ್ಕೂ ಅಧಿಕ.

1968ರ ಸ್ವಾತಂತ್ರ್ಯದ ತರುವಾಯ ಭಾರತೀಯ ಮೂಲದವರಿಗೆ ಮತಬಲದಿಂದ ಅಧಿಕಾರ ದೊರೆಯಿತು. ವಿಶಾಲವಾದ ಕಬ್ಬಿನ ಎಸ್ಟೇಟುಗಳು ಬಹುಮಟ್ಟಿಗೆ ಕೆಲವೇ ಬಿಳಿಯ ಕುಟುಂಬಗಳ ಕೈಯಲ್ಲಿಯೇ ಉಳಿದವು. ಗುಲಾಮರ ಸಂತತಿಯಾದ ಕ್ರಿಯೋಲರಲ್ಲಿ ಬಹುಮಂದಿ ಈ ಎರಡು ಬಾಗಿಲುಗಳ ಹೊರಗೇ ನಿಂತರು. 1999ರ ಫೆಬ್ರವರಿಯಲ್ಲಿ ಕ್ರಿಯೋಲ್ ಗಾಯಕ ಕಾಯಾ ಪೊಲೀಸರ ವಶದಲ್ಲಿ ಮರಣ ಹೊಂದಿದಾಗ ದ್ವೀಪವು ದಂಗೆಯಿಂದ ಉರಿದದ್ದು ಒಂದು ದಿನದ ಕೋಪದಿಂದಲ್ಲ.

ಸಂವಿಧಾನವಾದರೂ ಈ ಬಿರುಕನ್ನು ಮುಚ್ಚಿತೆ? ಅದು ಪ್ರಜೆಗಳನ್ನು ಹಿಂದೂ, ಮುಸ್ಲಿಂ, ಚೀನೀ ಮೂಲದವರು ಮತ್ತು ‘ಸಾಮಾನ್ಯ ಜನವರ್ಗ’ ಎಂದು ನಾಲ್ಕಾಗಿ ವಿಂಗಡಿಸಿತು. ಎಸ್ಟೇಟಿನ ಒಡೆಯನೂ ಗುಲಾಮನ ಮೊಮ್ಮಗನೂ ಈ ಕೊನೆಯ ಹೆಸರಿನಡಿ ಒಂದೇ ವರ್ಗ! ಇದಕ್ಕಿಂತ ಕ್ರೂರವಾದ ಪರಿಹಾಸ್ಯ ಇನ್ನೇನಿದೆ? ಅಲ್ಪಸಂಖ್ಯಾತರಿಗೆ ಪ್ರಾತಿನಿಧ್ಯ ದೊರೆಯಲೆಂದು ಎಂಟು ಹೆಚ್ಚುವರಿ ಸ್ಥಾನಗಳನ್ನು ಇರಿಸಲಾಯಿತು. ಅದಕ್ಕಾಗಿ ಅಭ್ಯರ್ಥಿಯು ತನ್ನ ಸಮುದಾಯವನ್ನು ಘೋಷಿಸಬೇಕೆಂದು ವಿಧಿಸಲಾಯಿತು. ಲೆಕ್ಕಕ್ಕೆ ಆಧಾರವೋ, 1972ರ ಜನಗಣತಿ! ಹೊಸ ಅಂಕಿಅಂಶಗಳಿಲ್ಲದೆ ಇಂಥ ಘೋಷಣೆಯನ್ನು ಬಲವಂತಪಡಿಸುವುದು ಹಕ್ಕಿನ ಉಲ್ಲಂಘನೆಯೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2012ರಲ್ಲಿ ಸಾರಿತು. 2014ರ ಒಂದು ಚುನಾವಣೆಗೆ ಮಾತ್ರ ನಿಯಮವನ್ನು ಸಡಿಲಿಸಿ ಕೈತೊಳೆದುಕೊಳ್ಳಲಾಯಿತು.

ಈ ಏರ್ಪಾಡಿಲ್ಲದಿದ್ದರೆ ಸಣ್ಣ ಸಮುದಾಯಗಳ ದನಿ ಅಡಗಿಹೋಗುವುದೆಂಬ ವಾದವುಂಟು. ಆ ಭೀತಿ ನಿರಾಧಾರವಲ್ಲ. ಆದರೆ ಶಾಸನಸಭೆಯ ಕುರ್ಚಿಯಿಂದ ನೆಲವಿಲ್ಲದವನಿಗೆ ನೆಲ ಬಂದೀತೆ? ಗುಲಾಮಗಿರಿ ಮತ್ತು ಕರಾರು ಕೂಲಿಯ ಪರಿಣಾಮಗಳನ್ನು ಶೋಧಿಸಿದ ಸತ್ಯ ಮತ್ತು ನ್ಯಾಯ ಆಯೋಗವು 2011ರ ತನ್ನ ವರದಿಯಲ್ಲಿ, ಕಳೆದುಹೋದ ಭೂಮಿಯ ಪ್ರಶ್ನೆಯನ್ನೇ ಮುಂದಿಟ್ಟಿತು.

ಕೂಲಿಗಳು ಇಳಿದ ಆಪ್ರವಾಸಿ ಘಾಟ್ 2006ರಲ್ಲಿಯೂ, ಓಡಿಹೋದ ಗುಲಾಮರು ಅಡಗಿದ್ದ ಲೆ ಮಾರ್ನ್ ಬೆಟ್ಟ 2008ರಲ್ಲಿಯೂ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಸ್ಮಾರಕಗಳು ಬೇಕು. ಆದರೆ ಸತ್ತವರಿಗೆ ಗೌರವ, ಅವರ ಮಕ್ಕಳಿಗೆ ಉಪೇಕ್ಷೆ ಎಂಬುದು ನ್ಯಾಯವಲ್ಲ. ಹಲವು ಬಗೆಯ ಜನರು ಒಟ್ಟಿಗಿದ್ದಾರೆ ಎಂಬುದು ಒಂದು ನಾಡಿನ ಹಿರಿಮೆಯಲ್ಲ. ಅವರು ಸಮನಾಗಿದ್ದಾರೆಯೇ ಎಂಬುದೇ ಅದರ ಪರೀಕ್ಷೆ.