ಉದ್ರಿ ಪುಸ್ತಕದ ಪರವಾಗಿ

ಮನೆಬಾಗಿಲಿಗೇ ಸಾಮಾನು ತಂದುಕೊಡುವ ಆ್ಯಪ್‌ಗಳು ವಯಸ್ಸಾದವರಿಗೆ ವರದಾನ ಎಂಬ ಮಾತನ್ನು ಈಗ ಯಾರೂ ಪ್ರಶ್ನಿಸುವುದಿಲ್ಲ. ಮೆಟ್ಟಿಲಿಳಿಯಲಾಗದವರ ಮಟ್ಟಿಗೆ ಅದು ನಿಜವೇ. ಆದರೆ ನಡೆಯಬಲ್ಲ ಹಿರಿಯರನ್ನೂ ಅದೇ ಲೆಕ್ಕಕ್ಕೆ ಸೇರಿಸಬಹುದೇ? ಬೆಳಿಗ್ಗೆ ಹಾಲಿಗೆ, ಸಂಜೆ ಸೊಪ್ಪಿಗೆ ಎಂದು ಹೊರಡುವ ಎಷ್ಟೋ ಮಂದಿಗೆ ಹೊಸ್ತಿಲು ದಾಟಲು ಇರುವುದು ಅದೊಂದೇ ನೆಪ. ದೂರದೂರಿನ ಮಗ ಅಲ್ಲಿಂದಲೇ ಆರ್ಡರ್ ಮಾಡಿದರೆ ಅವನ ಆತಂಕವೇನೋ ಕಡಿಮೆಯಾಗುತ್ತದೆ. ಅಮ್ಮನಿಗೆ ಅದರಿಂದ ಒಳ್ಳೆಯದಾಯಿತೇ ಎಂಬುದು ಬೇರೆಯೇ ಪ್ರಶ್ನೆ.

ಹಾಗೆಂದು ಬೀದಿಯ ಅಂಗಡಿಯವನ ದೊಡ್ಡ ಮನಸ್ಸನ್ನು ಕೊಂಡಾಡುವವರ ಸಾಲಿಗೂ ನಾನು ಸೇರಲಾರೆ. ಆತ ವ್ಯಾಪಾರಿ. 'ಇಂದು ನಗದು, ನಾಳೆ ಉದ್ರಿ' ಎಂದು ಬೋರ್ಡು ತೂಗುಹಾಕಿದವನೇ ಒಳಗೆ ನಿವೃತ್ತ ಮೇಷ್ಟ್ರ ಹೆಸರಿಗೆ ಒಂದು ಪುಟ ತೆರೆದಿರುತ್ತಾನೆ, ಏಕೆಂದರೆ ಒಂದನೇ ತಾರೀಖಿಗೆ ಪಿಂಚಣಿ ಬರುವುದು ಅವನಿಗೆ ಗೊತ್ತು. ನೂರು ಗ್ರಾಂ ಕಾಫಿಪುಡಿಯನ್ನೂ ಬೇಸರವಿಲ್ಲದೆ ತೂಗಿಕೊಡುತ್ತಾನೆ. ಮೇಷ್ಟ್ರು ಎರಡು ದಿನ ಕಾಣದಿದ್ದರೆ ಹುಡುಗನನ್ನು ಕಳಿಸಿ ವಿಚಾರಿಸುತ್ತಾನೆ. ಆ ವಿಚಾರಣೆಯಲ್ಲಿ ಕಾಳಜಿ ಎಷ್ಟು, ಬಾಕಿಯ ಚಿಂತೆ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಬಿಡಿಸಲೇಬೇಕೆಂದು ನನಗನಿಸುವುದೂ ಇಲ್ಲ. ಬರೀ ದಯೆಯ ಮೇಲೆ ನಿಂತ ವಿಚಾರಣೆಗಿಂತ ಇದು ಹೆಚ್ಚು ಕಾಲ ಬಾಳೀತು.

ಆದರೆ ಇದಕ್ಕೊಂದು ಮಿತಿಯಿದೆ, ಅಂಗಡಿಯ ಅಭಿಮಾನಿಗಳು ಅದನ್ನು ಹೇಳುವುದಿಲ್ಲ. ಆದಾಯವೇ ಇಲ್ಲದ ಅಜ್ಜಿಗೆ ಆ ಪುಸ್ತಕದಲ್ಲಿ ಪುಟ ಸಿಗುವುದು ಅಪರೂಪ. 65 ದಾಟಿದ ಬಡವರಿಗೆಂದು ರಾಜ್ಯದಲ್ಲಿ 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ ವೇತನವನ್ನು ನಾವು ಸರ್ಕಾರದ ಖರ್ಚೆಂದಷ್ಟೇ ನೋಡುತ್ತೇವೆ. ಆ ಹಣ ಆಕೆಗೆ ಅಂಗಡಿಯಲ್ಲಿ ನಂಬಿಕೆಯನ್ನೂ ತಂದುಕೊಡುತ್ತದೆ. ತಡವಾದರೆ ಕಳೆದುಹೋಗುವುದು ಮೊದಲು ಆ ನಂಬಿಕೆಯೇ.

ಸಹಾಯವಾಣಿ ಇದೆಯಲ್ಲ ಎನ್ನಬಹುದು. ಇದೆ: 14567. ಪೆಟ್ಟು ತಿಂದವರಿಗೆ, ಮೋಸಹೋದವರಿಗೆ ಅದು ಬೇಕೇ ಬೇಕು. ಆದರೆ ತನಗೆ ಸಹಾಯ ಬೇಕೆಂದು ಒಪ್ಪಿಕೊಂಡವರು ಮಾತ್ರ ಅದಕ್ಕೆ ಫೋನು ಮಾಡುತ್ತಾರೆ, ನಮ್ಮ ಹಿರಿಯರು ಅಷ್ಟು ಸುಲಭಕ್ಕೆ ಒಪ್ಪುವವರಲ್ಲ. ಹಿರಿಯ ನಾಗರಿಕರ 2007ರ ಕಾಯ್ದೆಗೆ ಕೇಂದ್ರ ರೂಪಿಸಿದ ಮಾದರಿ ನಿಯಮಗಳ ಪ್ರಕಾರ, ಒಂಟಿ ಹಿರಿಯರ ಪಟ್ಟಿ ಪ್ರತಿ ಪೊಲೀಸ್ ಠಾಣೆಯಲ್ಲಿರಬೇಕು, ಠಾಣೆಯವರು ತಿಂಗಳಿಗೊಮ್ಮೆಯಾದರೂ ಅವರ ಮನೆಗೆ ಹೋಗಬೇಕು. ಉದ್ದೇಶ ಒಳ್ಳೆಯದೇ. ಆದರೆ 2011ರ ಜನಗಣತಿಯಲ್ಲೇ ರಾಜ್ಯದಲ್ಲಿ 60 ದಾಟಿದವರು ಸುಮಾರು 58 ಲಕ್ಷ. ಅವರಲ್ಲಿ ಒಂಟಿಯಾಗಿರುವವರು ಒಂದು ಪಾಲಷ್ಟೇ ಎಂದುಕೊಂಡರೂ ಕೆಲಸ ದೊಡ್ಡದು. ಎಲ್ಲರ ಮನೆಗೂ ಹೋದರೂ ತಿಂಗಳಿನ ಉಳಿದ ದಿನಗಳು ಹಾಗೆಯೇ ಉಳಿಯುತ್ತವೆ.

ಹಾಗಾದರೆ ಅಂಗಡಿಯವರಿಗೇ ತರಬೇತಿ ಕೊಟ್ಟು, ರಿಜಿಸ್ಟರ್ ಕೊಟ್ಟು, ಹಿರಿಯರ ಮೇಲೆ ಕಣ್ಣಿಡಲು ಹೇಳಬಾರದೇಕೆ? ದಯವಿಟ್ಟು ಬೇಡ. ಯಾರು ಯಾವ ಮಾತ್ರೆ ನುಂಗುತ್ತಾರೆಂಬುದು ಈಗಲೇ ಬೀದಿಗೆಲ್ಲ ಗೊತ್ತು. ಅದಕ್ಕೆ ಸರ್ಕಾರಿ ಮುದ್ರೆಯೂ ಬಿದ್ದರೆ ಹಿರಿಯರು ಬೇರೆ ಅಂಗಡಿ ಹುಡುಕಿಕೊಂಡಾರು.

ಅಂಗಡಿಯನ್ನು ಅದರ ಪಾಡಿಗೆ ಬಿಟ್ಟು, ಅಲ್ಲಿಗೆ ಹೋಗುವ ದಾರಿಯನ್ನು ನೋಡೋಣ. ಚರಂಡಿಯ ಮೇಲೆ ಅಲುಗಾಡುವ ಚಪ್ಪಡಿ, ಫುಟ್‌ಪಾತ್ ತುಂಬ ಬೈಕುಗಳು, ಕೈಹಿಡಿ ಇಲ್ಲದ ಎತ್ತರದ ಮೆಟ್ಟಿಲು. ಹಿರಿಯರ ಹೆಸರಿನಲ್ಲಿ ನಿಮ್ಮ ವಾರ್ಡಿಗೆ ಹಣ ಬಂದರೆ ಮೊದಲು ಆ ಚಪ್ಪಡಿ ಸರಿಮಾಡಿಸಲು ಕೇಳಿ, ಅರ್ಧ ದಾರಿಯಲ್ಲಿ ಒಂದು ಕಲ್ಲುಬೆಂಚು ಹಾಕಿಸಲು ಹೇಳಿ. ಅದಕ್ಕಿಂತ ಉಪಯುಕ್ತವಾದ ಖರ್ಚು ನಿಮಗೆ ತೋಚಿದರೆ ನಾನು ವಾದಕ್ಕೆ ನಿಲ್ಲುವುದಿಲ್ಲ.